ಬಾಗಿಲಿಗೆ ಒಪ್ಪುವ ಮುಖ

ಹೋಲ್ಮೆವಿಕ್ ಪುರಸಭೆಯ ಮುಖ್ಯ ಬಾಗಿಲು ಮಾರ್ಚ್ ನಾಲ್ಕನೆಯ ತಾರೀಖು ಬೆಳಿಗ್ಗೆ ಏಳು ಐವತ್ತೆರಡಕ್ಕೆ ನಕ್ಷೆ ವಿಭಾಗದ ಉಲ್ರಿಕಾ ಸ್ಯಾಂಡೆಲ್ ಎಂಬಾಕೆಯನ್ನು ಗುರುತಿಸಲು ನಿರಾಕರಿಸಿತೆಂಬುದು ದಾಖಲೆಯಲ್ಲಿದೆ. ದಾಖಲೆ ಬರೆದವನು ನಾನೇ ಆದ್ದರಿಂದ ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮೂವತ್ತು ವರ್ಷದಿಂದ ಈ ಪುರಸಭೆಯ ನಡಾವಳಿಗಳನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಹೆಸರು ಇಂಗೆಮಾರ್. ಅದು ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ.

ಬಾಗಿಲು ಹೊಸದು. ಹಳೆಯ ಬಾಗಿಲಿಗೆ ಹಿಡಿಕೆಯಿತ್ತು, ಎಳೆದರೆ ತೆರೆಯುತ್ತಿತ್ತು. ಇದರಿಂದ ಜನ ಒಳಗೆ ಬರುವ ಸಂಭವವಿದೆ ಎಂದು ಕಂಡುಬಂದ ಮೇಲೆ ಅದನ್ನು ತೆಗೆಸಲಾಯಿತು. ಹೊಸ ಬಾಗಿಲು ಬಂದವರ ಮುಖವನ್ನು ಸಿಬ್ಬಂದಿ ಕಡತದ ಭಾವಚಿತ್ರದೊಂದಿಗೆ ತಾಳೆ ನೋಡುತ್ತದೆ. ಸರಿಬಂದರೆ ಹೆಸರು ಹಿಡಿದು ಶುಭೋದಯ ಹೇಳಿ ತೆರೆಯುತ್ತದೆ. ಸರಿಬರದಿದ್ದರೆ "ಸ್ವಾಗತ, ಅತಿಥಿ. ಚೀಟಿ ಪಡೆದು ಕುಳಿತುಕೊಳ್ಳಿ" ಅನ್ನುತ್ತದೆ. ದನಿ ಮಾತ್ರ ಎರಡಕ್ಕೂ ಒಂದೇ, ಬಹಳ ಮರ್ಯಾದೆಯದು.

ಉಲ್ರಿಕಾಗೆ ಐವತ್ತಮೂರು. ಕಡತದ ಚಿತ್ರ ತೆಗೆದಾಗ ಮೂವತ್ತೆಂಟು. ಮಧ್ಯದ ಹದಿನೈದು ವರ್ಷದಲ್ಲಿ ಕಣ್ಣಿನ ಅಂಚಿನಲ್ಲಿ, ಬಾಯಿಯ ಅಕ್ಕಪಕ್ಕದಲ್ಲಿ, ಹಣೆಯ ಮೇಲೆ ಆಗಬೇಕಾದ್ದೆಲ್ಲ ಕ್ರಮಬದ್ಧವಾಗಿ ಆಗಿತ್ತು. ಬಾಗಿಲಿನ ಲೆಕ್ಕದಲ್ಲಿ ಹೋಲಿಕೆ ನೂರಕ್ಕೆ ಐವತ್ತೊಂಬತ್ತು ಬಂತು. ಒಳಗೆ ಬರಲು ಅರವತ್ತು ಬೇಕು.

"ಒಂದು ಮಾರ್ಕಿಗೆ ನಪಾಸು ಮಾಡ್ತಲ್ಲೋ ನಿನ್ನ ಬಾಗಿಲು," ಎಂದಳು ಆಕೆ, ಕೈಯಲ್ಲಿ ಚೀಟಿ ಹಿಡಿದುಕೊಂಡು.

"ನನ್ನ ಬಾಗಿಲಲ್ಲ. ಪುರಸಭೆಯದು."

"ನಿನ್ನನ್ನ ಹೇಗೆ ಬಿಡುತ್ತೆ? ನನಗಿಂತ ನಾಲ್ಕು ವರ್ಷ ಮುದುಕ ನೀನು."

ನನ್ನನ್ನು ಬಿಡುವುದಕ್ಕೆ ಕಾರಣವಿದೆ. ಇಪ್ಪತ್ತೈದನೆಯ ವಯಸ್ಸಿನಿಂದ ನನಗೆ ಗಡ್ಡವಿದೆ, ಕಡತದ ಚಿತ್ರದಲ್ಲೂ ಇದೆ. ಅದರ ಹಿಂದೆ ಏನು ನಡೆದಿದೆಯೆಂದು ಬಾಗಿಲಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅತಿಥಿಯನ್ನು ಸಿಬ್ಬಂದಿಯೊಬ್ಬರು ಜೊತೆಗಿದ್ದು ಮೇಲೆ ಕರೆದೊಯ್ಯಬೇಕೆಂಬುದು ನಿಯಮ. ಹೀಗೆ ಪ್ರತಿದಿನ ಬೆಳಿಗ್ಗೆ ಉಲ್ರಿಕಾಳ ಜೊತೆ ಮೂರು ಮಹಡಿ ಹತ್ತುವ ಕೆಲಸ ನನ್ನ ಪಾಲಿಗೆ ಬಂತು. ಈ ಬಗ್ಗೆ ನನ್ನ ಕಡೆಯಿಂದ ಯಾವ ದೂರೂ ಇರಲಿಲ್ಲ, ಈಗಲೂ ಇಲ್ಲ.

ಆದರೆ ನಿಯಮಾವಳಿಯಲ್ಲಿ ಹದಿನಾಲ್ಕನೆಯದೂ ಒಂದಿದೆ. ಸತತ ಅರವತ್ತು ಕೆಲಸದ ದಿನ ಸಿಬ್ಬಂದಿಯಾಗಿ ಹಾಜರಾಗದವರ ಕೋಣೆಯನ್ನು ಪುರಸಭೆ ಹಿಂದಕ್ಕೆ ಪಡೆಯತಕ್ಕದ್ದು. ಉಲ್ರಿಕಾಳ ಕೋಣೆ ಮೂರನೆಯ ಮಹಡಿಯಲ್ಲಿ, ದಕ್ಷಿಣಕ್ಕೆ, ಬಂದರಿನ ಕಡೆ ಕಿಟಕಿ ಇರುವಂಥದು. ನಮ್ಮೂರಿನ ಚಳಿಗಾಲವನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆ ಕೋಣೆಗಾಗಿ ಆಕೆ ಹನ್ನೊಂದು ವರ್ಷ ಉತ್ತರದ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಕಾದಿದ್ದಳು. ಮಾರ್ಚ್ ಬಂತೆಂದರೆ ಹತ್ತೂವರೆಗೆ ಬಿಸಿಲು ಮೇಜಿಗೆ ಬರುತ್ತದೆ. ಆಗ ಆಕೆ ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಐದು ನಿಮಿಷ ಬಿಸಿಲಿಗೆ ಮುಖವೊಡ್ಡಿ ಕೂರುತ್ತಾಳೆ. ನಡಾವಳಿಗೆ ಸಹಿ ಹಾಕಿಸಿಕೊಳ್ಳುವ ನೆಪದಲ್ಲಿ ನಾನು ಅದೇ ಹೊತ್ತಿಗೆ ಹೋಗುತ್ತಿದ್ದೆ.

ಬಾಗಿಲು ನಿರಾಕರಿಸಿದ ಮರುದಿನ ಬೆಳಿಗ್ಗೆ ಕಾಫಿ ಕೋಣೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಪುರಸಭೆಯ ನಿರ್ದೇಶಕರಾದ ಸ್ಟಫಾನ್ ಬ್ರಾಟ್ ಅವರದು. ಅವರು ಹೋದ ವರ್ಷ ನೇಮಕಗೊಂಡವರು, ಚಿತ್ರವೂ ಹೋದ ವರ್ಷದ್ದೇ, ಬಾಗಿಲಿನೊಡನೆ ಬಹಳ ಚೆನ್ನಾಗಿದ್ದಾರೆ. ನಮ್ಮಲ್ಲಿ ನಿರ್ದೇಶಕರನ್ನೂ ಹೆಸರು ಹಿಡಿದು ನೀನು ಎಂದೇ ಮಾತಾಡಿಸುತ್ತೇವೆ. ಇದರಿಂದ ಅವರು ನಿರ್ದೇಶಕರು ಎಂಬುದು ಇದುವರೆಗೆ ಯಾರಿಗೂ ಮರೆತುಹೋಗಿಲ್ಲ.

"ಮೂರು ದಾರಿ ಇದೆ," ಎಂದರು ಸ್ಟಫಾನ್. "ಒಂದು, ಚಿತ್ರ ಬದಲಾಯಿಸೋದು. ಎರಡು, ಬಾಗಿಲು ಬದಲಾಯಿಸೋದು. ಮೂರು..." ಇಲ್ಲಿ ಅವರು ಉಲ್ರಿಕಾಳ ಕಡೆ ನೋಡದೆ ಬನ್ನಿನ ತಟ್ಟೆಯ ಕಡೆ ನೋಡಿದರು.

"ಚಿತ್ರ ಬದಲಾಯಿಸು. ಮುಗೀತಲ್ಲ," ಎಂದಳು ಉಲ್ರಿಕಾ.

ನಾನು ಒಂಬತ್ತನೆಯ ನಿಯಮವನ್ನು ಓದಿ ಹೇಳಿದೆ: ವ್ಯಕ್ತಿಯು ಬದಲಾಗದ ಹೊರತು ಭಾವಚಿತ್ರವನ್ನು ಬದಲಾಯಿಸತಕ್ಕದ್ದಲ್ಲ.

"ನೀನು ಬದಲಾಗಿದ್ದೀಯಾ?" ಎಂದು ಸ್ಟಫಾನ್ ಕೇಳಿದರು.

"ಇಲ್ಲಪ್ಪ. ನಾನು ನಾನೇ."

"ಬರ್ಕೋ ಇಂಗೆಮಾರ್."

ಬರೆದುಕೊಂಡೆ.

"ಸರಿ ಹಾಗಾದ್ರೆ, ಬದಲಾಗಿದ್ದೀನಿ ಅಂತಾನೇ ಬರ್ಕೋ."

"ಆಗ ನೀನು ಬೇರೆ ವ್ಯಕ್ತಿ ಆಗ್ತೀಯ," ಎಂದರು ಸ್ಟಫಾನ್, ದುಃಖದಿಂದ. "ಬೇರೆ ವ್ಯಕ್ತೀನ ಕೆಲಸಕ್ಕೆ ತಗೋಬೇಕಾದ್ರೆ ಜಾಹೀರಾತು ಕೊಡಬೇಕು. ಸಂದರ್ಶನ ಮಾಡಬೇಕು. ನಿನಗಿಂತ ಒಳ್ಳೆಯವರು ಬಂದ್ರೆ ಏನು ಮಾಡ್ಲಿ?"

ಬಾಗಿಲನ್ನು ಬದಲಾಯಿಸುವುದೂ ಸಾಧ್ಯವಿರಲಿಲ್ಲ. ಅದರ ಒಪ್ಪಂದ ಎಂಟು ವರ್ಷದ್ದು. ಅದಲ್ಲದೆ ಹೊರಗೆ ಉಳಿದವರಿಂದ ಅದರ ಮೇಲೆ ಒಂದೂ ದೂರು ಬಂದಿರಲಿಲ್ಲ. ದೂರಿನ ಪುಸ್ತಕ ಬಾಗಿಲಿನ ಒಳಗಡೆ ಇದೆ. ಉಳಿದದ್ದು ಮುಖ. ಮುಖವನ್ನು ಬದಲಾಯಿಸಬಾರದೆಂದು ಯಾವ ನಿಯಮವೂ ಇಲ್ಲ. ನಮ್ಮೂರ ಸಭೆಗಳಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಎಲ್ಲರೂ ಮೇಜನ್ನು ನೋಡಿಕೊಂಡು ಸುಮ್ಮನಿದ್ದರೆ ಠರಾವು ಪಾಸಾದಂತೆ. ಎಲ್ಲರೂ ಮೇಜನ್ನು ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಆಮೇಲೆ ಕಾರಿಡಾರಿನಲ್ಲಿ ಕೆಲವರು ಗೊಣಗಿದರೆನ್ನಿ. ಆದರೆ ಆಕ್ಷೇಪಣೆ ಸಲ್ಲಿಸಲು ಎಮ್ಮೆಗೆ ಹದಿನಾಲ್ಕು ದಿನ ಕಾಲಾವಕಾಶ ಕೊಡಲಾಗಿತ್ತು.

ಹೀಗೆ 'ಮಧ್ಯವಯಸ್ಕ ಮುಖಚರ್ಮ ಪಾಲನಾ ಕ್ರಮ ಆಯ್ಕೆ ಕಾರ್ಯಪಡೆ' ಅಸ್ತಿತ್ವಕ್ಕೆ ಬಂತು. ಐವತ್ತು ದಾಟಿದ ಚರ್ಮಕ್ಕೆ ಪರಿಣಾಮಕಾರಿಯಾದ ಕ್ರಮವೊಂದನ್ನು ಆರಿಸಿ, ಒಂದು ಅಂಕವನ್ನು ಮರಳಿ ಗಳಿಸುವುದು ಅದರ ಗುರಿ.

ಕಾರ್ಯಪಡೆ ಮೊದಲು ಸಿಬ್ಬಂದಿಯ ದಾದಿ ಮೈವೋರಳನ್ನು ಕರೆಸಿತು. ಮೈವೋರ್ ಅರವತ್ತಾರರ ಹೆಂಗಸು, ನಿವೃತ್ತಿಗೆ ಮೂರು ತಿಂಗಳಿತ್ತು, ಯಾರ ಮುಲಾಜೂ ಇರಲಿಲ್ಲ. ಕೋಟನ್ನೂ ಬಿಚ್ಚದೆ ನಿಂತೇ ಹೇಳಿದಳು.

"ರಾತ್ರಿ ಮೆತ್ತಗಿನ ಸೋಪಲ್ಲಿ ಮುಖ ತೊಳ್ಕೋ. ಉಜ್ಜಬೇಡ, ಪಾತ್ರೆಯಲ್ಲ ಅದು. ಆಮೇಲೆ ಎ ವಿಟಮಿನ್ ಇರೋ ಕ್ರೀಮು, ಬಟಾಣಿ ಕಾಳಿನಷ್ಟು. ಮೊದಮೊದಲು ವಾರಕ್ಕೆ ಎರಡೇ ಸಲ. ಚರ್ಮ ಒಣಗದ ಹಾಗೆ ಏನಾದ್ರೂ ಹಚ್ಕೋ. ಬೆಳಿಗ್ಗೆ ಎದ್ದು ಬಿಸಿಲು ತಡೆಯೋ ಕ್ರೀಮು, ದಿನಾ, ಮೋಡ ಇದ್ರೂ. ಮೂರು ತಿಂಗಳು ತಾಳ್ಮೆ ಇಟ್ಕೋ. ಅಷ್ಟೇ."

"ಅಷ್ಟೇನಾ?" ಎಂದರು ಸ್ಟಫಾನ್.

"ಅಷ್ಟೇ. ಚೌಕದ ಔಷಧಿ ಅಂಗಡೀಲಿ ಎಲ್ಲಾ ಸಿಗುತ್ತೆ." ಆಮೇಲೆ ಉಲ್ರಿಕಾಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಈ ಗೆರೆಗಳಲ್ಲಿ ಅರ್ಧ ನಿನ್ನ ಕಿಟಕಿ ಬರೆದದ್ದು ಕಣೇ. ಇನ್ನರ್ಧ ನೀನೇ ನಕ್ಕೂ ನಕ್ಕೂ ಮಾಡ್ಕೊಂಡಿದ್ದು," ಎಂದಳು.

ಮೈವೋರ್ ಹೋದ ಮೇಲೆ ಕಾರ್ಯಪಡೆ ಆಕೆಯ ಸಲಹೆಯನ್ನು ಚರ್ಚೆಗೆತ್ತಿಕೊಂಡಿತು. 'ಅಷ್ಟೇ' ಎಂಬುದಕ್ಕೆ ಟೆಂಡರು ಕರೆಯಲು ಬರುವುದಿಲ್ಲ. 'ಅಷ್ಟೇ' ಎಂಬುದಕ್ಕೆ ಉಪಸಮಿತಿ ಮಾಡಲು ಬರುವುದಿಲ್ಲ. ಸಲಹೆಯನ್ನು ಗೌರವಪೂರ್ವಕವಾಗಿ ಕಡತಕ್ಕೆ ಸೇರಿಸಲಾಯಿತು. ಆಕೆ ಔಷಧಿಗಳ ಹೆಸರು ಬರೆದುಕೊಟ್ಟಿದ್ದ ಚೀಟಿಯನ್ನು ಉಲ್ರಿಕಾ ಮಡಿಸಿ ಜೇಬಿಗೆ ಹಾಕಿಕೊಂಡಳು. ಅದು ನಡಾವಳಿಯಲ್ಲಿಲ್ಲ.

ನಮ್ಮ ಪದ್ಧತಿಯಂತೆ ವಿಷಯವನ್ನು ಎಲ್ಲ ಇಲಾಖೆಗಳ ಅಭಿಪ್ರಾಯಕ್ಕೆ ಕಳಿಸಲಾಯಿತು. ರಸ್ತೆ ಇಲಾಖೆ ಹೀಗೆ ಬರೆಯಿತು: "ಬಿರುಕುಗಳನ್ನು ಹಿಮ ಪೂರ್ತಿ ಕರಗುವ ಮೊದಲು ತುಂಬಿದಲ್ಲಿ ಅವು ಮತ್ತೆ ಬಾಯಿಬಿಡುವುದು ನಮ್ಮ ಅನುಭವ. ಮೇ ತಿಂಗಳವರೆಗೆ ಕಾಯಲು ಕೋರಿದೆ. ಅಲ್ಲಿಯವರೆಗೆ ಸದರಿ ಮುಖದ ಮೇಲೆ ಭಾರವಾದ ವಾಹನಗಳನ್ನು ಬಿಡಬಾರದು." ಅಗ್ನಿಶಾಮಕ ದಳಕ್ಕೆ ಆಕ್ಷೇಪಣೆ ಇರಲಿಲ್ಲ, ಲೇಪನ ಹೊತ್ತಿಕೊಳ್ಳದಿದ್ದರೆ ಸಾಕೆಂದಿತು. ನೀರು ಸರಬರಾಜಿನವರು ತೇವಾಂಶ ಒಳಗಿನಿಂದ ಸೋರುತ್ತಿದೆಯೋ ಹೊರಗಿನಿಂದಲೋ ಎಂದು ತಿಳಿಯಬಯಸಿದರು. ಗ್ರಂಥಾಲಯ ಮಾತ್ರ ಹಳೆಯ ಹೊದಿಕೆಯನ್ನು ಹಾಗೇ ಬಿಡುವುದು ಒಳ್ಳೆಯದು ಎಂದು ಬರೆದಿತ್ತು. ಆ ಪತ್ರ ತಡವಾಗಿ ಬಂದದ್ದರಿಂದ ಪರಿಗಣಿಸಲಿಲ್ಲ.

ಇಷ್ಟೆಲ್ಲ ಆಗುವಾಗ ಉಲ್ರಿಕಾಳ ಇಪ್ಪತ್ತೊಂದು ದಿನ ಕಳೆದಿದ್ದವು.

ಇಪ್ಪತ್ತೆರಡನೆಯ ದಿನ ರಾಜಧಾನಿಯಿಂದ ಸಲಹೆಗಾರ್ತಿ ಫಿಲಿಪ್ಪಾ ಬಂದಳು. ಆಕೆಯ ಚಿತ್ರ ನಮ್ಮ ಕಡತದಲ್ಲಿರಲಿಲ್ಲ, ಆದರೂ ಬಾಗಿಲು ತೆರೆಯಿತು. ಬಾಗಿಲನ್ನು ಮಾರಿದ ಸಂಸ್ಥೆಯೇ ಆಕೆಯನ್ನೂ ಕಳಿಸಿತ್ತು. ಫಿಲಿಪ್ಪಾಳ ಕ್ರಮದಲ್ಲಿ ಹನ್ನೊಂದು ಹಂತಗಳಿದ್ದವು. ಬೆಳಿಗ್ಗೆ ಆರು, ಸಂಜೆ ಐದು, ಒಟ್ಟು ಒಂದು ಗಂಟೆ ಐವತ್ತು ನಿಮಿಷ.

"ಮೂರನೇದರಲ್ಲಿ ಹಚ್ಚೋದನ್ನ ನಾಲ್ಕನೇದು ತೊಳೆದು ಹಾಕುತ್ತಲ್ಲ?" ಎಂದು ಸ್ಟಫಾನ್ ಕೇಳಿದರು.

"ಹೌದು. ಅದಕ್ಕೇ ಐದನೇದು ಇರೋದು," ಎಂದಳು ಫಿಲಿಪ್ಪಾ.

ಸ್ಟಫಾನ್ ತಲೆದೂಗಿದರು. ಪುರಸಭೆಯ ಆಡಳಿತವೂ ಬಹುಮಟ್ಟಿಗೆ ಇದೇ ತತ್ತ್ವದ ಮೇಲೆ ನಡೆಯುವುದರಿಂದ ಅವರಿಗೆ ಒಡನೆಯೇ ವಿಶ್ವಾಸ ಮೂಡಿತು.

"ಮೈವೋರ್ ನಾಲ್ಕೇ ಹೇಳಿದ್ಲಲ್ಲ," ಎಂದಳು ಉಲ್ರಿಕಾ.

"ನಾಲ್ಕು ಹಂತ ಇದ್ರೆ ಜನ ಮನೇಲೇ ಮಾಡ್ಕೋತಾರೆ," ಎಂದಳು ಫಿಲಿಪ್ಪಾ.

ಮೊದಲು ಆ ಕ್ರಮದ ಆಧಾರ ಲೇಪವನ್ನು, ಅಂದರೆ ಎಲ್ಲಕ್ಕಿಂತ ಕೆಳಗೆ ಹಚ್ಚುವ ಕ್ರೀಮನ್ನು, ಪ್ರಯೋಗಿಸಿ ನೋಡುವುದೆಂದು ತೀರ್ಮಾನವಾಯಿತು. ಪುರಸಭೆ ಯಾವುದನ್ನೇ ಆಗಲಿ ತನ್ನ ಕಾಯಂ ಸರಬರಾಜುದಾರನಿಂದಲೇ ಕೊಳ್ಳಬೇಕು. ಆತ ಇದುವರೆಗೆ ನೆಲಕ್ಕೆ ಹಚ್ಚುವ ಮೇಣ ಕೊಡುತ್ತಿದ್ದವನು. ಐದು ಲೀಟರಿಗಿಂತ ಕಡಿಮೆ ಕೊಡುವುದಿಲ್ಲ. ಬಕೆಟ್ಟು ಬಂತು. 'ನೆಲಕ್ಕಲ್ಲ' ಎಂಬ ಚೀಟಿ ಮೇಲೆ ಅಂಟಿಸಿತ್ತು.

ಉಲ್ರಿಕಾಗೆ ಒಬ್ಬಳಿಗೇ ಕೊಟ್ಟರೆ ಆಕೆಯೊಬ್ಬಳಿಗೇ ವಯಸ್ಸಾಗಿದೆ ಎಂದು ಪುರಸಭೆ ಅಧಿಕೃತವಾಗಿ ಹೇಳಿದಂತಾಗುತ್ತದೆ. ಸಮಾನತೆಯ ದೃಷ್ಟಿಯಿಂದ ಎಲ್ಲರೂ ಹಚ್ಚಿಕೊಳ್ಳುವುದು, ಬಕೆಟ್ಟು ಖಾಲಿಯಾದ ದಿನ ಪ್ರಯೋಗ ಮುಗಿಯಿತೆಂದು ವರದಿ ಬರೆಯುವುದು, ವರದಿ ಬಂದ ಮೇಲೆ ಉಲ್ರಿಕಾಗೆ ಅಧಿಕೃತ ಚಿಕಿತ್ಸೆ ಆರಂಭಿಸಿ ಅರವತ್ತು ದಿನದ ಎಣಿಕೆಯನ್ನು ನಿಲ್ಲಿಸುವುದು. ಇದನ್ನು ನಾನೇ ಬರೆದೆ. ಬರೆಯುವಾಗ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಬಕೆಟ್ಟನ್ನು ಕಾಫಿ ಮೇಜಿನ ಮೇಲೆ ದಾಲ್ಚಿನ್ನಿ ಬನ್ನುಗಳ ಪಕ್ಕದಲ್ಲಿಟ್ಟರು. ಮೊದಲ ಎರಡು ವಾರ ಪ್ರಗತಿ ಚೆನ್ನಾಗಿತ್ತು. ಒಂಬತ್ತೂವರೆಗೆ ಎಲ್ಲರೂ ಬಂದು ಒಂದು ಬನ್ನು ತಿಂದು, ಒಂದು ಹಿಡಿ ಹಚ್ಚಿಕೊಂಡು ಹೋಗುವರು. ಸಿಬ್ಬಂದಿಯೆಲ್ಲ ಒರೆಸಿಟ್ಟ ಸೇಬಿನಂತೆ ಹೊಳೆಯುತ್ತಿದ್ದರು. ನಾನು ಗಡ್ಡಕ್ಕೆ ಹಚ್ಚಿಕೊಂಡೆ. ಅದು ಒಂದು ಕಡೆಗೆ ಬಾಗಿ ನಿಂತಿತು. ನಲವತ್ತೊಂದನೆಯ ದಿನ ಬಕೆಟ್ಟಿನ ತಳದಲ್ಲಿ ಒಂದು ಚಮಚದಷ್ಟು ಉಳಿಯಿತು.

ಈಗ ನಮ್ಮ ಜನರ ಒಂದು ನಡವಳಿಕೆಯನ್ನು ಹೇಳಬೇಕು. ತಟ್ಟೆಯಲ್ಲಿ ಉಳಿದ ಕೊನೆಯ ಬನ್ನನ್ನು ನಮ್ಮಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಅರ್ಧ ಕತ್ತರಿಸಿಕೊಂಡು ಅರ್ಧ ಬಿಡುತ್ತಾರೆ. ಮುಂದಿನವರು ಆ ಅರ್ಧದಲ್ಲಿ ಅರ್ಧ ಬಿಡುತ್ತಾರೆ. ಕೊನೆಯದನ್ನು ಪೂರ್ತಿ ತಿಂದವನನ್ನು ಜೈಲಿಗೆ ಹಾಕುವುದಿಲ್ಲ, ಆದರೆ ಅವನ ಮಕ್ಕಳ ಮದುವೆಯವರೆಗೂ ಊರು ಅದನ್ನು ನೆನಪಿಟ್ಟುಕೊಳ್ಳುತ್ತದೆ.

ನಲವತ್ತೆರಡನೆಯ ದಿನ ಚಮಚ ಅರ್ಧ ಚಮಚವಾಯಿತು. ನಲವತ್ತಮೂರರಂದು ಕಾಲು. ಐವತ್ತನೆಯ ದಿನ ಜನ ಹಲ್ಲುಕಡ್ಡಿ ತರತೊಡಗಿದರು. ಐವತ್ತೈದನೆಯ ದಿನ ಭೂಮಾಪನ ವಿಭಾಗದವನೊಬ್ಬ ಭೂತಗನ್ನಡಿ ತಂದು, ಉಳಿದದ್ದನ್ನು ಎರಡು ಸಮಭಾಗ ಮಾಡಿ, ತನ್ನ ಭಾಗವನ್ನು ಮೂಗಿನ ತುದಿಗೆ ಹಚ್ಚಿಕೊಂಡು, "ಸಾಕಪ್ಪ, ಬೇರೆಯವರಿಗೂ ಇರಲಿ," ಎಂದು ಹೋದ. ಬಕೆಟ್ಟು ಖಾಲಿಯಾಗಲಿಲ್ಲ. ವರದಿ ಬರೆಯುವಂತಿರಲಿಲ್ಲ.

ಅದೇ ದಿನ ಸ್ಟಫಾನ್ ಅವರ ಸುತ್ತೋಲೆ ಹೊರಬಿತ್ತು: "ಕಾರ್ಯಪಡೆಯ ಕೆಲಸ ಹೆಚ್ಚಿರುವುದರಿಂದ ಸಲಹೆಗಾರ್ತಿಯವರಿಗೆ ಕಾಯಂ ಕೋಣೆಯ ಅಗತ್ಯ ಕಂಡುಬಂದಿದೆ. ಶ್ರೀಮತಿ ಸ್ಯಾಂಡೆಲ್ ಅವರನ್ನು ಮರಳಿ ಕರೆತರುವ ಕಾರ್ಯಕ್ಕಾಗಿ, ಶ್ರೀಮತಿ ಸ್ಯಾಂಡೆಲ್ ಅವರ ಕೋಣೆಯನ್ನು ಅರವತ್ತನೆಯ ದಿನದಿಂದ ಬಳಸಿಕೊಳ್ಳಲಾಗುವುದು. ಸಹಕಾರಕ್ಕೆ ಧನ್ಯವಾದಗಳು."

ಐವತ್ತೆಂಟನೆಯ ದಿನ ಕಾಫಿ ಕೋಣೆಯಲ್ಲಿ ನಾನು ಮತ್ತು ಉಲ್ರಿಕಾ ಇಬ್ಬರೇ ಇದ್ದೆವು. ಬಕೆಟ್ಟೂ ಇತ್ತು. ತಳದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ.

"ತಗೊಂಡ್ಬಿಡು," ಎಂದೆ. "ನೀನು ಅತಿಥಿ. ಮೇಜಿನ ಮೇಲಿರೋದನ್ನ ಅತಿಥಿ ತಗೊಂಡ್ರೆ ನಿಯಮಕ್ಕೆ ಅಡ್ಡಿಯಿಲ್ಲ. ಒಂದು ಬೆರಳಲ್ಲಿ ಮುಗಿದುಹೋಗುತ್ತೆ. ಈ ಮಧ್ಯಾಹ್ನಾನೇ ವರದಿ ಬರೀತೀನಿ."

"ನೀನು ನೋಡಬೇಡ ಮತ್ತೆ."

ನಾನು ಕಿಟಕಿಯ ಕಡೆ ತಿರುಗಿದೆ. ಬೆರಳು ಪ್ಲಾಸ್ಟಿಕ್ಕಿನ ಮೇಲೆ ಸರಿದ ಸದ್ದು ಕೇಳಿಸಿತು. ತಿರುಗಿ ನೋಡಿದಾಗ ಆಕೆ ತುದಿಬೆರಳನ್ನು ನೋಡಿಕೊಳ್ಳುತ್ತ ನಿಂತಿದ್ದಳು, ಮುಖ ಸಪ್ಪಗಾಗಿತ್ತು.

"ಅರ್ಧ ಬಿಟ್ಟುಬಿಟ್ಟೆ ಕಣೋ," ಎಂದಳು.

"ಉಲ್ರಿಕಾ."

"ಏನು ಮಾಡ್ಲಿ, ಕೈ ಬರಲಿಲ್ಲ. ನಮ್ಮಮ್ಮ ಸತ್ತು ಒಂಬತ್ತು ವರ್ಷ ಆಯ್ತು, ಇನ್ನೂ ಹಿಂದೇನೇ ನಿಂತಿರ್ತಾಳೆ. ನೀನೇ ತಗೋ ಹೋಗು."

ನಾನೂ ಹೋದೆ. ಬಹಳ ಹೊತ್ತು ಬಗ್ಗಿ ನಿಂತೆ. ನಾನು ಕೂಡ ಅರ್ಧ ಬಿಟ್ಟೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಮೂವತ್ತು ವರ್ಷ ಬೇರೆಯವರ ಮಾತುಗಳನ್ನು ಬರೆದಿಟ್ಟ ನನಗೆ ಒಂದು ಚುಕ್ಕೆ ಕ್ರೀಮನ್ನು ಮುಗಿಸುವ ಧೈರ್ಯ ಬರಲಿಲ್ಲ.

ಆ ಸಿಟ್ಟಿನಲ್ಲಿ ಅತಿಥಿ ನಿಯಮಾವಳಿಯನ್ನು ಮೊದಲಿಂದ ಓದಿದೆ. ಇಪ್ಪತ್ತೆರಡನೆಯ ನಿಯಮ ಸಿಕ್ಕಿತು. ಅರವತ್ತನೆಯ ದಿನ ಫಿಲಿಪ್ಪಾ ಒಂದು ಕುಂಡದ ಗಿಡ ಹಿಡಿದುಕೊಂಡು ಕೋಣೆಯ ವಶಕ್ಕಾಗಿ ಸಭೆಗೆ ಬಂದು ಕೂತಾಗ ನಾನು ಪೆನ್ನು ಕೆಳಗಿಟ್ಟೆ.

"ಇಂಗೆಮಾರ್ ಯಾಕೆ ಬರೀತಿಲ್ಲ?" ಎಂದರು ಸ್ಟಫಾನ್.

"ಮಾತಾಡಬೇಕು ಅಂತ."

ಇದು ಹಿಂದೆಂದೂ ನಡೆದಿರದ ಕಾರಣ ಯಾರಿಗೂ ತಡೆಯುವುದು ಹೇಗೆಂದು ತೋಚಲಿಲ್ಲ. ನಾನು ಓದಿದೆ: ಸತತ ಅರವತ್ತು ಕೆಲಸದ ದಿನ ಪುರಸಭೆಗೆ ಬಂದ ಅತಿಥಿಗೆ ಸಹಜ ಬೆಳಕುಳ್ಳ ಕೋಣೆಯೊಂದನ್ನು, ಅತಿಥಿಯಾಗಿರುವಷ್ಟು ಕಾಲ, ಒದಗಿಸತಕ್ಕದ್ದು. ಹಿಂದೊಮ್ಮೆ ಸೇತುವೆ ಪರೀಕ್ಷಿಸಲು ಬಂದು ಹಿಂದಿರುಗಲು ಮರೆತ ನಾರ್ವೆಯ ಎಂಜಿನಿಯರ್ ಒಬ್ಬರಿಗಾಗಿ ಮಾಡಿದ ನಿಯಮವದು. ರದ್ದುಮಾಡಲು ಯಾರಿಗೂ ನೆನಪಾಗಿರಲಿಲ್ಲ.

"ಅಂಥ ಅತಿಥಿ ಎಷ್ಟು ಜನ ಇದ್ದಾರೆ?" ಎಂದರು ಸ್ಟಫಾನ್.

"ಒಬ್ಬಳು."

"ಬೆಳಕಿರೋ ಖಾಲಿ ಕೋಣೆ ಎಷ್ಟಿದೆ?"

"ಒಂದು. ಇವತ್ತು ಬೆಳಿಗ್ಗೆಯಿಂದ."

ಎಲ್ಲರೂ ಮೇಜನ್ನು ನೋಡಿದರು. ಫಿಲಿಪ್ಪಾ ಕೂಡ ನೋಡಿದಳು. ಠರಾವು ಪಾಸಾಯಿತು. ಹೀಗೆ ಉಲ್ರಿಕಾ ಸ್ಯಾಂಡೆಲ್ ಬೆಳಿಗ್ಗೆ ಹತ್ತಕ್ಕೆ ತನ್ನ ಕೋಣೆಯನ್ನು ತೆರವು ಮಾಡಿ, ಹತ್ತು ಹದಿನೈದಕ್ಕೆ ಅದೇ ಕೋಣೆಗೆ ಅತಿಥಿಯಾಗಿ ಪ್ರವೇಶಿಸಿದಳು. ಹತ್ತೂವರೆಗೆ ಬಿಸಿಲು ಮೇಜು ಬಿಟ್ಟು ಗೋಡೆಯವರೆಗೂ ಹೋಗಿತ್ತು.

ಅತಿಥಿಗೆ ಕೆಲಸ ಹೇಳುವಂತಿಲ್ಲ. ಆದರೆ ಅತಿಥಿಯು ತಾನಾಗಿ ನಕ್ಷೆಗಳನ್ನು ಬಿಡಿಸಿದರೆ ತಡೆಯುವಂತೆಯೂ ಇಲ್ಲ. ಉಲ್ರಿಕಾ ಮೊದಲಿನ ಕೆಲಸವನ್ನೇ ಮೊದಲಿಗಿಂತ ಬೇಗ ಮುಗಿಸತೊಡಗಿದಳು. ಅತಿಥಿಯನ್ನು ಸಭೆಗೆ ಕರೆಯುವಂತಿಲ್ಲ. ಅತಿಥಿಗೆ ಸುತ್ತೋಲೆ ಕಳಿಸುವಂತಿಲ್ಲ. ಬನ್ನಿನ ತಟ್ಟೆ ಅತಿಥಿಗೆ ಮೊದಲು ಬರುತ್ತದೆ. ಈ ವಿಷಯಗಳು ನಿಧಾನವಾಗಿ ಉಳಿದವರ ಗಮನಕ್ಕೂ ಬಂದವು.

ಜೂನಿನಲ್ಲಿ ಬರುವ ಮಧ್ಯಬೇಸಗೆಯ ಹಬ್ಬಕ್ಕೆ ಎರಡು ದಿನವಿದ್ದಾಗ ಅನಾಹುತವಾಯಿತು. ನಾವಿಬ್ಬರೂ ಬಾಗಿಲ ಮುಂದೆ ನಿಂತಿದ್ದೆವು. ಬಾಗಿಲು ಉಲ್ರಿಕಾಳ ಮುಖ ನೋಡಿತು, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿತು.

"ಶುಭೋದಯ, ಉಲ್ರಿಕಾ ಸ್ಯಾಂಡೆಲ್," ಎಂದು ಹೇಳಿ ತೆರೆದುಕೊಂಡಿತು. ಪರದೆಯ ಮೇಲೆ ಅರವತ್ತೊಂದು ಎಂದಿತ್ತು.

"ಏನು ಮಾಡ್ದೆ ನೀನು?" ಎಂದೆ.

"ಮೈವೋರ್ ಹೇಳಿದ್ದು," ಎಂದಳು ತಗ್ಗಿದ ದನಿಯಲ್ಲಿ. "ಬಟಾಣಿ ಕಾಳಿನಷ್ಟು. ಬೆಳಿಗ್ಗೆ ಬಿಸಿಲಿನ ಕ್ರೀಮು. ಮಾರ್ಚಿಂದ ದಿನಾ. ಕೆಲಸ ಮಾಡುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಆಕೆಯ ಮುಖವನ್ನು ಆಗ ಸರಿಯಾಗಿ ನೋಡಿದೆ. ಗೆರೆಗಳು ಇದ್ದವು, ಆದರೆ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದವು. ಚೆನ್ನಾಗಿತ್ತು. ಮೊದಲೂ ಚೆನ್ನಾಗಿತ್ತು. ಅದನ್ನು ಹೇಳಬೇಕೆನಿಸಿತು, ಆದರೆ ಹೊಸಲು ದಾಟಿದರೆ ಆಕೆ ಸಿಬ್ಬಂದಿ, ಸಿಬ್ಬಂದಿಯಾದರೆ ಅತಿಥಿಯ ಕೋಣೆ ರದ್ದು, ಉತ್ತರದ ಕಡೆಯ ಕೋಣೆಯೊಂದು ಮಾತ್ರ ಖಾಲಿಯಿತ್ತು.

"ಹಿಂದಕ್ಕೆ ಬಾ," ಎಂದೆ.

"ಎಷ್ಟು ಚೆನ್ನಾಗಿ ಹೆಸರು ಕರೀತಲ್ಲೋ," ಎಂದಳು. ಒಂದು ಕ್ಷಣ ಕಣ್ಣು ಒದ್ದೆಯಾಯಿತು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದಳು. ಬಾಗಿಲು ಮುಚ್ಚಿಕೊಂಡಿತು.

"ಈಗ ಹನ್ನೊಂದು ಹಂತ ನೆನಪಿಸ್ಕೋ."

ನೆನಪಿಸಿಕೊಂಡಳು. ಹಣೆ ಸುಕ್ಕುಗಟ್ಟಿತು. ಮೂರನೆಯದನ್ನು ನಾಲ್ಕನೆಯದು ತೊಳೆಯುವಲ್ಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು. ಸುತ್ತೋಲೆ ನೆನಪಾದಾಗ ಮೂರು ತಿಂಗಳು ವಿಶ್ರಾಂತಿಯಲ್ಲಿದ್ದ ಗೆರೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಹಾಜರಾದವು. ಬಾಗಿಲು ಮತ್ತೆ ನೋಡಿತು. ಐವತ್ತೆಂಟು.

"ಸ್ವಾಗತ, ಅತಿಥಿ. ಚೀಟಿ ಪಡೆದು ಕುಳಿತುಕೊಳ್ಳಿ."

ನಮ್ಮ ಹಿಂದೆ ಸರದಿಯಲ್ಲಿ ನಿಂತಿದ್ದ ರಸ್ತೆ ಇಲಾಖೆಯವನು, ಭೂಮಾಪನದವನು, ತೆರಿಗೆ ವಿಭಾಗದ ಇಬ್ಬರು ಹೆಂಗಸರು ಇದನ್ನೆಲ್ಲ ನೋಡಿದರು. ಭೂಮಾಪನದವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. ಆಮೇಲೆ ಮೆಲ್ಲಗೆ ಮುಖ ಹಿಂಡತೊಡಗಿದ.

ಇದನ್ನು ಬರೆಯುವ ಹೊತ್ತಿಗೆ ಪುರಸಭೆಯಲ್ಲಿ ಮೂವತ್ತೊಂದು ಮಂದಿ ಅತಿಥಿಗಳಿದ್ದಾರೆ. ಸೇವೆಯಲ್ಲಿ ವ್ಯತ್ಯಾಸವಾಗಿದೆಯೆಂದು ಸಾರ್ವಜನಿಕರಾರೂ ಹೇಳಿಲ್ಲ. ಬಾಗಿಲ ಪಕ್ಕದಲ್ಲಿ 'ಮುಖ ಹಿಂಡುವವರು ದಯವಿಟ್ಟು ಎಡಗಡೆ ನಿಲ್ಲಿ' ಎಂಬ ಫಲಕ ಬಂದಿದೆ. ಬಾಗಿಲಿಗೂ ಸಿಬ್ಬಂದಿಗೂ ಈಗ ಯಾವ ಭಿನ್ನಾಭಿಪ್ರಾಯವೂ ಉಳಿದಿಲ್ಲವೆಂದು ಸ್ಟಫಾನ್ ಮೇಲಿನವರಿಗೆ ವರದಿ ಕಳಿಸಿದ್ದಾರೆ. ಮೈವೋರ್ ನಿವೃತ್ತಳಾದಳು, ಆಕೆಯ ಬೀಳ್ಕೊಡುಗೆಗೆ ಕಾರ್ಯಪಡೆ ಹನ್ನೊಂದು ಡಬ್ಬಿಗಳ ಒಂದು ಪೆಟ್ಟಿಗೆ ಕೊಟ್ಟಿತು. ಆಕೆ ಅದರಲ್ಲಿ ಸ್ಕ್ರೂಗಳನ್ನು ಹಾಕಿಟ್ಟುಕೊಂಡಿದ್ದಾಳೆ. ಬಕೆಟ್ಟು ಕಾಫಿ ಮೇಜಿನ ಮೇಲೆಯೇ ಇದೆ. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ಎಲ್ಲರೂ ಒಪ್ಪಿದ್ದಾರೆ, ಈಚೆಗೆ ಯಾರಿಗೂ ಅದು ಕಂಡಿಲ್ಲ.

ನಿನ್ನೆ ಸಂಜೆ ನಾನು ಚೌಕದ ಔಷಧಿ ಅಂಗಡಿಯಲ್ಲಿ ಒಂದು ರೇಜರ್ ಕೊಂಡೆ. ಗಡ್ಡ ತೆಗೆದರೆ ಬಾಗಿಲಿಗೆ ನನ್ನ ಗುರುತು ಹತ್ತುವ ಸಂಭವವಿಲ್ಲ. ಅತಿಥಿಗಳನ್ನು ಮೆಟ್ಟಿಲು ಹತ್ತಿಸುವ ಕೆಲಸವನ್ನು ಸ್ಟಫಾನ್ ನೋಡಿಕೊಳ್ಳುತ್ತಾರೆ, ಅವರ ಚಿತ್ರ ಹೋದ ವರ್ಷದ್ದು. ಉಲ್ರಿಕಾಳ ಕೋಣೆಯಲ್ಲಿ ಇನ್ನೊಂದು ಕುರ್ಚಿಗೆ ಜಾಗವಿದೆ, ಅಳೆದು ನೋಡಿದ್ದೇನೆ. ಬಿಸಿಲಿನ ಕ್ರೀಮನ್ನೂ ಕೊಂಡಿದ್ದೇನೆ.